ಒಬ್ಬರೇ ಇರುವ ಮನೆಗೆ ವ್ಯಾಕ್ಯೂಮ್ ಸೀಲರ್ ಬೇಕಾ? ಚಿಕ್ಕಮಗಳೂರಿನಲ್ಲಿ ಒಂದು ಮಳೆಗಾಲದ ಅನುಭವ

ವ್ಯಾಕ್ಯೂಮ್ ಸೀಲರ್ ಅಂದರೆ ಪದಾರ್ಥ ಹಾಕಿದ ಪ್ಲಾಸ್ಟಿಕ್ ಕವರಿನೊಳಗಿನ ಗಾಳಿ ಎಳೆದು ಬಾಯಿ ಅಂಟಿಸುವ ಮಷಿನ್. ಅದನ್ನು ತೆಗೆದುಕೊಳ್ಳಬೇಕಾ ಎಂದು ಕಳೆದ ಮೇ ತಿಂಗಳಲ್ಲಿ ಶುರುವಾದ ಯೋಚನೆ ಸಂಕ್ರಾಂತಿ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂತು. ನಡುವೆ ಅಂಗಡಿ ಸುತ್ತಿದೆ, ಕೆಟ್ಟ ಮಷಿನ್ ಬಂತು, ಅದನ್ನು ವಾಪಸ್ ಕಳಿಸಲು ಒದ್ದಾಡಿದೆ, ಕರೆಂಟಿಲ್ಲದ ರಾತ್ರಿಗಳಲ್ಲಿ ಫ್ರೀಜರ್ ನೆನೆದು ನಿದ್ದೆಗೆಟ್ಟೆ. ಒಬ್ಬರೇ ಇರುವವರಿಗೆ ಇದು ಆಗುತ್ತದಾ ಎಂದು ಕೇಳಿದರೆ ಯಾರಿಂದಲೂ ನೇರ ಉತ್ತರ ಸಿಗಲಿಲ್ಲ. ಎಲ್ಲರೂ ಹೇಳುವುದು ದೊಡ್ಡ ಸಂಸಾರದ ಲೆಕ್ಕ, ದೊಡ್ಡ ಫ್ರೀಜರಿನ ಲೆಕ್ಕ. ನನ್ನಂಥವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ, ಬಾಡಿಗೆ ಮನೆಯಲ್ಲಿ. ಬ್ಯಾಂಕಿನಲ್ಲಿ ಕೆಲಸ. ಊರು ಮೂಡಿಗೆರೆ ಹತ್ತಿರ. ಅಲ್ಲಿ ಅಮ್ಮ, ಅಣ್ಣ, ಅತ್ತಿಗೆ ಇದ್ದಾರೆ. ಅಕ್ಕ ಹಾಸನದಲ್ಲಿ. ನಾನು ಒಬ್ಬಳೇ ಇದ್ದರೂ ಊರಿಂದ ಬರುವ ಚೀಲ ಒಬ್ಬಳ ಅಳತೆಯದ್ದಲ್ಲ. ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುವ ಆ ಚೀಲದಲ್ಲಿ ತೆಂಗಿನಕಾಯಿ, ಹೆಚ್ಚಿ ತೊಳೆದ ನಾಟಿ ಕೋಳಿ, ಹಲಸಿನ ಹಪ್ಪಳದ ಕಟ್ಟು, ಕಾಳುಮೆಣಸು, ಅಕ್ಕಿ, ಕೆಸುವಿನ ಸೊಪ್ಪು ಎಲ್ಲ ಇರುತ್ತವೆ. "ಅಮ್ಮ, ಸ್ವಲ್ಪ ಕಡಿಮೆ ಕಳಿಸು" ಅಂದರೆ, "ಉಳಿದ್ರೆ ಅಕ್ಕಪಕ್ಕದವರಿಗೆ ಕೊಡು" ಅನ್ನುತ್ತಾಳೆ. ಕೊಡುತ್ತೇನೆ. ಆದರೂ ಉಳಿಯುತ್ತದೆ. ಕೆಟ್ಟು ಹೋದಾಗ ಆಗುವ ಬೇಜಾರು ಬರೀ ದುಡ್ಡಿನದ್ದಲ್ಲ. ಏಪ್ರಿಲ್ ಬಿಸಿಲಲ್ಲಿ ಕಾಗೆ ಓಡಿಸುತ್ತಾ ಕೂತು ಅಮ್ಮ ಒಣಗಿಸಿದ ಹಪ್ಪಳಕ್ಕೆ ಜುಲೈನಲ್ಲಿ ಬೂಸ್ಟು ಹಿಡಿದರೆ ಅದನ್ನು ಕಸಕ್ಕೆ ಹಾಕಲು ಕೈ ಬರುವುದಿಲ್ಲ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿದೆ. ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಪೆನ್ಸಿಲ್ ಕಟ್ಟಿಟ್ಟು, ಎಸೆದ ಪ್ರತಿ ಪದಾರ್ಥವನ್ನೂ ಬರೆಯುತ್ತಾ ಬಂದೆ. ಕೆಲವು ವಾರ ಇದನ್ನು ಮಾಡದೆ ಯಾರೂ ಈ ಮಷಿನ್ ತೆಗೆದುಕೊಳ್ಳಬೇಡಿ. ನನ್ನ ಕ್ಯಾಲೆಂಡರ್ ತುಂಬಾ ಇದ್ದದ್ದು ದಂಟಿನ ಸೊಪ್ಪು, ಹುಳಿ ಬಂದ ದೋಸೆ ಹಿಟ್ಟು, ಅರ್ಧ ಹೋಳು ತೆಂಗಿನಕಾಯಿ, ನಿನ್ನೆ ಮೊನ್ನೆಯ ಸಾರು, ಒಡೆದ ಹಾಲು, ಕೊತ್ತಂಬರಿ. ಇವುಗಳಲ್ಲಿ ಹೆಚ್ಚಿನವನ್ನು ಈ ಮಷಿನ್ ಉಳಿಸುವುದಿಲ್ಲ. ಸೊಪ್ಪಿನ ಕವರಿನ ಗಾಳಿ ಎಳೆದರೆ ಸೊಪ್ಪು ಜಜ್ಜಿ ಹೋಗುತ್ತದೆ. ದೋಸೆ ಹಿಟ್ಟು ಹುದುಗುತ್ತಲೇ ಇರುವುದರಿಂದ ಕವರ್ ಉಬ್ಬುತ್ತದೆ. ಸಾರು ನೀರಾಗಿದ್ದರೆ ಪಂಪಿನೊಳಗೇ ಹೋಗುತ್ತದೆ. ಇದು ಗೊತ್ತಾದ ದಿನ ಆಸೆ ಅರ್ಧ ಇಳಿಯಿತು.

ಉಳಿದ ಅರ್ಧ ಪಟ್ಟಿ ಬೇರೆ ಥರ ಇತ್ತು. ಕೋಳಿ, ಮೀನು, ಹಪ್ಪಳ, ಸಂಡಿಗೆ, ಖಾರದ ಪುಡಿ, ಹುಳ ಬಿದ್ದ ಅಕ್ಕಿ. ಇವು ವಾರವಾರ ಹಾಳಾಗುವಂಥವಲ್ಲ. ಆದರೆ ಹಾಳಾದಾಗ ಜಾಸ್ತಿ ನಷ್ಟ, ಜಾಸ್ತಿ ನೋವು. ಮಷಿನ್ ಕೆಲಸಕ್ಕೆ ಬರುವುದು ಇಲ್ಲೇ.

ಆಮೇಲೆ ನೋಡಿದ್ದು ಫ್ರಿಜ್. ನನ್ನದು ಒಂದೇ ಬಾಗಿಲಿನದ್ದು, 190 ಲೀಟರಿನ ಆಸುಪಾಸಿನದ್ದು. ಇಂಥ ಫ್ರಿಜ್ಜುಗಳ ಮೇಲ್ಗಡೆಯ ಐಸ್ ಗೂಡಿನಲ್ಲಿ ಹೆಚ್ಚೆಂದರೆ ಹದಿನೈದು, ಹದಿನೆಂಟು ಲೀಟರ್ ಜಾಗ. ಮಂಜು ಕಟ್ಟಿಕೊಂಡರೆ ಅದೂ ಇಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಫ್ರಿಜ್ಜಿನ ಹೊರಗೆ ಅಂಟಿಸಿರುವ ಸ್ಟಾರ್ ಕರೆಂಟ್ ಉಳಿತಾಯದ್ದು. ಫ್ರೀಜರ್ ಎಷ್ಟು ತಣ್ಣಗಿರುತ್ತದೆ ಅನ್ನುವುದಕ್ಕೆ ಬೇರೆ ಸ್ಟಾರ್ ಇದೆ. ಒಂದು ಸ್ಟಾರ್ ಅಂದರೆ ಮೈನಸ್ 6 ಡಿಗ್ರಿ, ಎರಡು ಅಂದರೆ ಮೈನಸ್ 12, ಮೂರು ಅಂದರೆ ಮೈನಸ್ 18. ತಿಂಗಳುಗಟ್ಟಲೆ ಮಾಂಸ, ಮೀನು ಇಡಬೇಕಾದರೆ ಮೈನಸ್ 18 ಬೇಕು. ಥರ್ಮಾಮೀಟರ್ ತಂದು ಐಸ್ ಗೂಡಿನಲ್ಲಿಟ್ಟೆ. ಮೈನಸ್ 11, ಮೈನಸ್ 12ರಲ್ಲಿ ಆಡುತ್ತಿತ್ತು. ಅಂದರೆ ಎಷ್ಟು ಚೆನ್ನಾಗಿ ಸೀಲ್ ಮಾಡಿದರೂ ನನ್ನ ಮನೆಯಲ್ಲಿ ಮಾಂಸಕ್ಕೆ ಕೆಲವು ವಾರಗಳ ಆಯಸ್ಸು, ಅಷ್ಟೆ. ಆರು ತಿಂಗಳು, ವರ್ಷ ಎಂದು ಡಬ್ಬದ ಮೇಲೆ ಬರೆದಿರುವುದು ನಮ್ಮಂಥ ಫ್ರಿಜ್ಜಿಗೆ ಹೇಳಿದ್ದಲ್ಲ.

ಇಷ್ಟಾದರೂ ಬೇಡ ಅನ್ನಿಸಲಿಲ್ಲ. ಮಳೆಗಾಲ ಎದುರಿಗಿತ್ತು. ಇಲ್ಲಿಯ ಮಳೆಗಾಲ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನ ಬಟ್ಟೆಯೂ ಮುಗ್ಗಲು ವಾಸನೆ ಹೊಡೆಯುತ್ತದೆ. ಡಬ್ಬಿ ಮುಚ್ಚಳ ಎಷ್ಟು ಗಟ್ಟಿ ಇದ್ದರೂ ತೆಗೆದಾಗಲೆಲ್ಲ ತಂಡಿ ಗಾಳಿ ಒಳಗೆ ಹೋಗುತ್ತದೆ. ದೊಡ್ಡ ಮನೆಯಲ್ಲಿ ಒಂದು ಡಬ್ಬಿ ಹಪ್ಪಳ ವಾರದಲ್ಲಿ ಖಾಲಿ. ನಾನು ದಿನಕ್ಕೆ ಎರಡು ಕರಿಯುವವಳು. ಅದೇ ಡಬ್ಬಿ ತಿಂಗಳುಗಟ್ಟಲೆ ತೆರೆದು ಮುಚ್ಚಿ ನಡೆಯುತ್ತದೆ. ಒಬ್ಬರೇ ಇರುವವರ ತೊಂದರೆ ಇದೇ ಅಲ್ವಾ? ನಮಗೆ ಬೇಕಾದದ್ದು ಸಣ್ಣ ಸಣ್ಣ ಪೊಟ್ಟಣ.

ಐ.ಜಿ. ರಸ್ತೆ, ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದೆ. ಮಿಕ್ಸಿ, ಕುಕ್ಕರ್ ಮಾರುವವರಲ್ಲಿ ಹೆಚ್ಚಿನವರು ತೋರಿಸಿದ್ದು ಚಿಪ್ಸ್ ಅಂಗಡಿಯಲ್ಲಿ ಇರುವಂಥ, ಕೈಯಿಂದ ಒತ್ತುವ ಕವರ್ ಸೀಲಿಂಗ್ ಮಷಿನ್. ಅದು ಬಾಯಿ ಅಂಟಿಸುತ್ತದೆ, ಗಾಳಿ ತೆಗೆಯುವುದಿಲ್ಲ. "ಮೇಡಂ, ಒಬ್ಬರಿಗೆ ಇದೇ ಸಾಕು, ಸುಮ್ನೆ ಯಾಕೆ ದುಡ್ಡು ಹಾಕ್ತೀರಿ" ಎಂದು ಒಬ್ಬರು ಮನಸ್ಸಿಟ್ಟೇ ಹೇಳಿದರು. ಬರೀ ಹಪ್ಪಳ, ಸಂಡಿಗೆ ಇಡುವವರಿಗೆ ಅವರ ಮಾತು ನಿಜ. ಆ ಮಷಿನ್ ಬೆಲೆಯೂ ಕಡಿಮೆ, ಕವರ್ ಕೂಡ ಸಾಮಾನ್ಯದ್ದೇ ಆಗುತ್ತದೆ.

ಕಾಫಿಪುಡಿ ಅಂಗಡಿಯೊಂದರಲ್ಲಿ ದೊಡ್ಡ ಮಷಿನ್ ನೋಡಿದೆ. ಪೊಟ್ಟಣವನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರೆ ಇಡೀ ಪೆಟ್ಟಿಗೆಯ ಗಾಳಿಯೇ ಹೋಗುತ್ತದೆ. ನೀರಿರುವ ಪದಾರ್ಥವೂ ಅದರಲ್ಲಿ ಸಲೀಸು, ನುಣುಪಾದ ಕವರೂ ನಡೆಯುತ್ತದೆ. ಆದರೆ ಬೆಲೆ ಹತ್ತಾರು ಸಾವಿರ, ಭಾರ ಎತ್ತಲಾರದಷ್ಟು. ಮನೆಗೆ ತರುವಂಥದ್ದು ಉದ್ದಕ್ಕೆ ಸಣ್ಣಗಿರುತ್ತದೆ. ಕವರಿನ ಬಾಯಿಯನ್ನಷ್ಟೇ ಒಳಗಿಟ್ಟರೆ ಗಾಳಿ ಎಳೆದು ಅಂಚನ್ನು ಕಾಯಿಸಿ ಅಂಟಿಸುತ್ತದೆ. ಇದಕ್ಕೆ ಒಳಮೈಯಲ್ಲಿ ಉಬ್ಬುಗೆರೆ ಇರುವ ಕವರೇ ಆಗಬೇಕು. ಆ ಗೆರೆಗಳ ನಡುವೆ ಗಾಳಿ ಹೊರಗೆ ಬರುತ್ತದೆ. ನುಣುಪು ಕವರ್ ಹಾಕಿದರೆ ಬಾಯಿ ಮೊದಲೇ ಅಂಟಿಕೊಂಡು ಗಾಳಿ ಒಳಗೇ ಉಳಿಯುತ್ತದೆ. ಹಾಗಾಗಿ ಮಷಿನ್ ಬೆಲೆಯ ಜೊತೆ ಕವರಿನ ಬೆಲೆಯನ್ನೂ ಲೆಕ್ಕ ಹಾಕಿ.

ಆ ಕಾಫಿಪುಡಿ ಅಂಗಡಿಯವರು ಇನ್ನೊಂದು ಮಾತು ಹೇಳಿದರು. "ಈಗಷ್ಟೇ ಹುರಿದ ಕಾಫಿ ಬೀಜ ಇದರಲ್ಲಿ ಹಾಕ್ಬೇಡಿ, ಕವರ್ ಬಲೂನ್ ಆಗುತ್ತೆ." ಹುರಿದ ಬೀಜ ದಿನಗಟ್ಟಲೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಕಾಫಿ ಪೊಟ್ಟಣದ ಮೇಲೆ ಗುಂಡಿಯಂಥ ಸಣ್ಣ ತೂತು ಇರುತ್ತದಲ್ಲ, ಒಳಗಿನ ಗಾಳಿ ಹೊರಗೆ ಹೋಗಲಿ, ಹೊರಗಿನದ್ದು ಒಳಗೆ ಬಾರದಿರಲಿ ಎಂದು ಇಟ್ಟದ್ದು ಅದು. ಕಾಫಿಯ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟು: ನಮ್ಮ ಊರಲ್ಲಿ ಕಣ್ಣೆದುರೇ ಹುರಿದು ಪುಡಿ ಮಾಡಿ ಕೊಡುತ್ತಾರೆ. ನೂರು ಗ್ರಾಂ ತಂದು ಮುಗಿದ ಮೇಲೆ ಮತ್ತೆ ತರುವುದೇ ಒಳ್ಳೆಯದು. ಅದಕ್ಕಾಗಿ ಮಷಿನ್ ಬೇಡ.

ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆ. 3,200 ರೂಪಾಯಿ. 1,500ರ ಒಳಗೂ ಸಿಗುತ್ತಿತ್ತು. ಆದರೆ ಅವುಗಳಲ್ಲಿ ಒದ್ದೆ ಪದಾರ್ಥಕ್ಕೆ ಬೇರೆ ಗುಂಡಿಯಾಗಲಿ, ಬೇಕಾದಾಗ ಎಳೆತ ನಿಲ್ಲಿಸುವ ಗುಂಡಿಯಾಗಲಿ ಇರಲಿಲ್ಲ. ಒಬ್ಬರೇ ಇರುವವರಿಗೆ ಎಳೆತದ ಅಂಕಿಗಿಂತ ಈ ಗುಂಡಿಗಳು ಮುಖ್ಯ. ಎಳೆತ ಎಷ್ಟು ಜೋರು ಎಂದು ತೋರಿಸಲು ಡಬ್ಬದ ಮೇಲೆ 80 ಕೆಪಿಎ, 85 ಕೆಪಿಎ (ಕಿಲೋಪಾಸ್ಕಲ್, ಒತ್ತಡದ ಅಳತೆ) ಎಂದು ಬರೆದಿರುತ್ತಾರೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಸಮುದ್ರದ ಬಳಿ 101 ಕೆಪಿಎ ಇರುವ ಗಾಳಿಯ ಒತ್ತಡ ಇಲ್ಲಿ ಸುಮಾರು 90. ಹಾಗಾಗಿ ಡಬ್ಬದ ಮೇಲೆ ಬರೆದಷ್ಟು ಎಳೆತ ಇಲ್ಲಿ ಪೂರ್ತಿ ಸಿಗುವುದಿಲ್ಲ. ಆ ಸಂಖ್ಯೆಗಳನ್ನು ನೋಡಿ ಜಾಸ್ತಿ ದುಡ್ಡು ಕೊಡಬೇಡಿ.

ಬರುವುದು ತಡವಾಯಿತು. ಮಳೆ ಹಿಡಿದಿತ್ತು, ಪಾರ್ಸೆಲ್ ಎಲ್ಲೋ ನಿಂತಿತ್ತು. ಬಂದ ದಿನ ಸಂಜೆ ಖುಷಿಯಿಂದ ಒಂದು ಕವರ್ ಹಪ್ಪಳ ಸೀಲ್ ಮಾಡಿದೆ. ಕವರ್ ಹಪ್ಪಳಕ್ಕೆ ಬಿಗಿಯಾಗಿ ಅಂಟಿ ನಿಂತಿತು. ಬೆಳಿಗ್ಗೆ ನೋಡಿದರೆ ಸಡಿಲ. ಇನ್ನೊಂದು ಕವರ್, ಮತ್ತೊಂದು ಕವರ್ ನೋಡಿದೆ. ರಾತ್ರಿ ಬಿಗಿ, ಬೆಳಿಗ್ಗೆ ಸಡಿಲ. ಅಂಟಿದ ಗೆರೆಯನ್ನು ಬೆಳಕಿಗೆ ಹಿಡಿದಾಗ ಕಂಡಿತು: ಬಲಗಡೆ ಪ್ಲಾಸ್ಟಿಕ್ ಸರಿಯಾಗಿ ಕರಗಿತ್ತು, ಎಡಗಡೆ ಬರೀ ಗುರುತು. ಕಾಯುವ ಪಟ್ಟಿ ಒಂದು ತುದಿಯಲ್ಲಿ ಕಾಯುತ್ತಿರಲಿಲ್ಲ.

ಇಲ್ಲಿಂದ ಶುರುವಾದದ್ದೇ ನಿಜವಾದ ಗೋಳು. ಫೋನಿನಲ್ಲಿ ಮಾತಾಡಿದವರು ಮೊದಲು "ಕವರ್ ಸರಿ ಇಡಿ" ಅಂದರು. ಆಮೇಲೆ ಫೋಟೋ ಕೇಳಿದರು. ಫೋಟೋ ಕಳಿಸಿದರೆ ವಿಡಿಯೋ. ವಿಡಿಯೋ ಕಳಿಸಿದರೆ ಡಬ್ಬ ತೆರೆಯುವಾಗಿನ ವಿಡಿಯೋ. ಒಬ್ಬಳೇ ಇರುವಾಗ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದು ಕೈಯಲ್ಲಿ ಕವರ್ ಹಿಡಿದು, ಮುಚ್ಚಳ ಒತ್ತಿ ವಿಡಿಯೋ ಮಾಡುವುದು ಎಷ್ಟು ಕಷ್ಟ ಎಂದು ಅವರಿಗೆ ಅರ್ಥವಾಗುತ್ತಿರಲಿಲ್ಲ. ಪಕ್ಕದ ಮನೆ ಹುಡುಗನನ್ನು ಕರೆದು ಮಾಡಿಸಿದೆ. ಆಮೇಲೆ ವಾಪಸ್ ಒಯ್ಯಲು ಬರುವವರಿಗಾಗಿ ಕಾದೆ. ಅವರು ಬರುವ ಹೊತ್ತಿಗೆ ನಾನು ಬ್ಯಾಂಕಿನಲ್ಲಿ. "ಮನೆಯಲ್ಲಿ ಯಾರೂ ಇಲ್ಲ" ಎಂದು ಬರೆದುಕೊಂಡು ಹೋಗಿಬಿಡುತ್ತಿದ್ದರು. ಬದಲಿ ಕೊಡುವ ಗಡುವು ಹತ್ತಿರ ಬರುತ್ತಿತ್ತು. ಆ ಗಡುವು ದಾಟಿದರೆ ಆಮೇಲೆ ಬರೀ ರಿಪೇರಿ, ಅದಕ್ಕೆ ಬೆಂಗಳೂರಿಗೇ ಕಳಿಸಬೇಕು. ಸಿಟ್ಟಿಗಿಂತ ಜಾಸ್ತಿ ಒಂಟಿತನ ಕಾಡಿದ್ದು ಆಗ. ಮನೆಯಲ್ಲಿ ಇನ್ನೊಬ್ಬರು ಇದ್ದಿದ್ದರೆ ಒಂದು ಪಾರ್ಸೆಲ್ ಕೊಡುವುದು ಇಷ್ಟು ದೊಡ್ಡ ಕೆಲಸ ಆಗುತ್ತಿರಲಿಲ್ಲ.

ಕೊನೆಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ದೂರು ಬರೆದುಕೊಂಡು ಒಂದು ಸಂಖ್ಯೆ ಕೊಟ್ಟರು. 2020ರ ಇ-ಕಾಮರ್ಸ್ ನಿಯಮದಂತೆ ಆನ್‌ಲೈನ್ ಮಾರುವ ಜಾಲತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ ಸಂಖ್ಯೆಯನ್ನೂ ಈ ನಿಯಮವನ್ನೂ ಬರೆದು ಕಳಿಸಿದ ಮೇಲೆ ಮಾತಿನ ಧಾಟಿ ಬದಲಾಯಿತು. ಬ್ಯಾಂಕಿನ ವಿಳಾಸಕ್ಕೇ ಬಂದು ಹಳೆಯದನ್ನು ಒಯ್ದು ಹೊಸದನ್ನು ಕೊಟ್ಟರು.

ಇದೇ ದಾರಿಯಲ್ಲಿ ಹೋಗುವವರು ಇದಿಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಡಬ್ಬ ತೆರೆಯುವಾಗಲೇ ವಿಡಿಯೋ ಮಾಡಿ. ಜಿಎಸ್‌ಟಿ ಬಿಲ್ಲನ್ನು ಫೋನಿನಲ್ಲಿ ಬೇರೆಯಾಗಿ ಇಳಿಸಿಟ್ಟುಕೊಳ್ಳಿ. ಮಷಿನ್ ಅಡಿಯಲ್ಲಿರುವ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆಯ ಫೋಟೋ ತೆಗೆಯಿರಿ. ಹೊರದೇಶದಿಂದ ಬಂದ ವಸ್ತುವಾದರೆ ಡಬ್ಬದ ಮೇಲೆ ತರಿಸಿದವರ ಹೆಸರು, ವಿಳಾಸ, ಯಾವ ದೇಶದ್ದು, ಎಂಆರ್‌ಪಿ, ದೂರು ಕೊಡುವ ನಂಬರ್ ಇರಲೇಬೇಕು. ಇಲ್ಲದಿದ್ದರೆ ಆಗಲೇ ವಾಪಸ್ ಮಾಡಿ. ಬದಲಿ ಕೊಡುವ ಗಡುವು ಮುಗಿಯುವವರೆಗೆ ಥರ್ಮಾಕೋಲ್ ಸಮೇತ ಡಬ್ಬ ಇಟ್ಟಿರಿ. ಮೊದಲ ದಿನವೇ ಒಂದು ಪೊಟ್ಟಣ ಸೀಲ್ ಮಾಡಿ ಬಕೆಟ್ ನೀರಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಬಂದರೆ ಸೀಲ್ ಸರಿಯಿಲ್ಲ. ಒಬ್ಬರೇ ಇರುವವರು ಆಫೀಸಿನ ವಿಳಾಸಕ್ಕೇ ತರಿಸಿಕೊಳ್ಳಿ.

ಎರಡನೆಯ ಮಷಿನ್ ಚೆನ್ನಾಗಿತ್ತು. ಮೊದಲು ಒಣ ಪದಾರ್ಥ ಹಿಡಿದೆ. ಹಪ್ಪಳವನ್ನು ನಾಲ್ಕು ದಿನಕ್ಕಾಗುವಷ್ಟು ಒಂದೊಂದು ಪೊಟ್ಟಣ ಮಾಡಿದೆ. ಪೂರ್ತಿ ಎಳೆದರೆ ಅಂಚು ಮುರಿಯುತ್ತದೆ. ಅರ್ಧ ಎಳೆದ ಕೂಡಲೇ ನಿಲ್ಲಿಸಿ ಸೀಲ್ ಮಾಡಬೇಕು. ಖಾರದ ಪುಡಿ ಹಾಕಿದಾಗ ಪುಡಿ ಮೇಲೆ ಬಂದು ಅಂಚಿನಲ್ಲಿ ಕೂತು ಸೀಲ್ ನಿಲ್ಲಲಿಲ್ಲ. ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಆಮೇಲೆ ಕವರಿಗೆ ಹಾಕಿದರೆ ಸರಿಯಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಕವರನ್ನು ಚುಚ್ಚುತ್ತದೆ, ತೊಟ್ಟು ಮುರಿದು ಹಾಕಿ. ಅಕ್ಕಿ ಕೇಜಿ ಲೆಕ್ಕದಲ್ಲಿ ಸೀಲ್ ಮಾಡಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಸೀಲ್ ಮಾಡುವ ಮೊದಲು ಕೆಲವು ದಿನ ಫ್ರೀಜರಿನಲ್ಲಿಟ್ಟರೆ ಇರುವ ಹುಳ, ಮೊಟ್ಟೆ ಸಾಯುತ್ತವೆ. ಆದರೆ ನನ್ನ ಐಸ್ ಗೂಡಿನಲ್ಲಿ ಅಕ್ಕಿಗೆ ಜಾಗವಿಲ್ಲ. ಹಾಗೇ ಸೀಲ್ ಮಾಡಿಟ್ಟೆ, ಮಳೆಗಾಲ ಮುಗಿಯುವವರೆಗೆ ಹುಳ ಕಾಣಲಿಲ್ಲ.

ಆಗಸ್ಟ್‌ನಲ್ಲಿ ಪೊಟ್ಟಣ ಕತ್ತರಿಸಿ ಹಪ್ಪಳ ಕರಿದೆ. ಏಪ್ರಿಲ್‌ನಲ್ಲಿ ಹೇಗಿತ್ತೋ ಹಾಗೇ ಗರಿಗರಿ ಅರಳಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವಳಿಗೆ ನನಗಿಂತ ಜಾಸ್ತಿ ಖುಷಿ.

ಆ ಖುಷಿಯಲ್ಲೇ ಅವಳು ಅಣಬೆ, ಕಳಲೆ ಕಳಿಸಲು ಹೊರಟಳು. "ಮಷಿನ್ ಇದೆಯಲ್ಲ, ಹಾಕಿಡು" ಅಂದಳು. ಇಲ್ಲಿ ಗಟ್ಟಿಯಾಗಿ ಬೇಡ ಅಂದೆ. ಈ ವಿಷಯ ದಯವಿಟ್ಟು ಗಮನವಿಟ್ಟು ಓದಿ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದು ಬೆಳೆಯುವುದೇ ಗಾಳಿ ಇಲ್ಲದ ಜಾಗದಲ್ಲಿ. ತೇವ ಇರಬೇಕು, ಹುಳಿ ಕಡಿಮೆ ಇರಬೇಕು. ಸೀಲ್ ಮಾಡಿದ ಕವರ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಅದು ಬಿಡುವ ವಿಷಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಪ್ರಾಣಕ್ಕೇ ಅಪಾಯ. ಹಸಿ ಅಣಬೆ, ಸುಲಿದ ಬೆಳ್ಳುಳ್ಳಿ, ಬೇಯಿಸಿದ ಪಲ್ಯ ಇಂಥವನ್ನು ಸೀಲ್ ಮಾಡಿ ಹೊರಗೆ ಇಡಲೇಬಾರದು. ಹಸಿ ಅಣಬೆ, ಹಸಿ ಬೆಳ್ಳುಳ್ಳಿಯನ್ನು ನಾನು ಸೀಲ್ ಮಾಡಿ ಫ್ರಿಜ್ಜಿನಲ್ಲೂ ಇಡುವುದಿಲ್ಲ. ಬೇಯಿಸಿದ ಅಡುಗೆ ಸೀಲ್ ಮಾಡಿ ಫ್ರಿಜ್ಜಿನಲ್ಲಿಟ್ಟರೂ ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು, ಮಾಮೂಲಿ ಡಬ್ಬಿಯಲ್ಲಿಟ್ಟ ಹಾಗೇ. ಹೊರಗೆ ಇಡಬಹುದಾದದ್ದು ಚೆನ್ನಾಗಿ ಒಣಗಿದ್ದು ಮಾತ್ರ. ಕಾಳುಮೆಣಸು ಕೂಡ ಕಟಕಟ ಒಣಗಿರಬೇಕು. ಒಳಗೆ ತೇವ ಇಟ್ಟುಕೊಂಡು ಸೀಲ್ ಮಾಡಿದರೆ ತೇವವನ್ನೇ ಕಾಪಾಡಿದ ಹಾಗೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಾಗಾದ್ರೆ ಉಪ್ಪು ನೀರಲ್ಲಿ ಹಾಕ್ತೀನಿ ಬಿಡು" ಅಂದಳು.

ಇನ್ನು ಮಾಂಸ. ಊರಿಂದ ಬಂದ ನಾಟಿ ಕೋಳಿಯನ್ನು ಒಂದು ಹೊತ್ತಿನ ಸಾರಿಗೆ ಆಗುವಷ್ಟು ಭಾಗ ಮಾಡಿದೆ. ಮೂಳೆಯ ಚೂಪು ತುದಿ ಕವರ್ ತೂತು ಮಾಡುತ್ತದೆ. ಅಲ್ಲಿಗೆ ಮಡಿಚಿದ ಒಂದು ತುಂಡು ಕವರ್ ಇಟ್ಟು ಸೀಲ್ ಮಾಡಬೇಕು. ನೀರು ಒರೆಸದೆ ಹಾಕಿದರೆ ಅಂಚು ಒದ್ದೆಯಾಗಿ ಅಂಟುವುದಿಲ್ಲ. ತಟ್ಟೆಯಲ್ಲಿ ಹರಡಿ ಒಂದೆರಡು ಗಂಟೆ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಸೀಲ್ ಮಾಡುವುದು ಒಳ್ಳೆಯ ದಾರಿ. ಗಾಳಿ ತಾಗದ ಕಾರಣ ಮಾಂಸದ ಮೇಲೆ ಬಿಳಿ ಬಿಳಿಯಾಗಿ ಒಣಗಿ ನಾರಾಗುವುದು ನಿಂತಿತು. ಜಾಗವೂ ಉಳಿಯಿತು. ಡಬ್ಬಿಗಳಿದ್ದ ಜಾಗದಲ್ಲಿ ಚಪ್ಪಟೆ ಪೊಟ್ಟಣಗಳು ಒಂದರ ಮೇಲೊಂದು ನಿಂತವು. ಸಣ್ಣ ಐಸ್ ಗೂಡು ಇರುವವರಿಗೆ ಇದೇ ದೊಡ್ಡ ಲಾಭ. ಸೀಲ್ ಚೆನ್ನಾಗಿದ್ದರೂ ತಾರೀಕು ಬರೆಯಿರಿ.

ಮೀನಿನ ವಿಷಯ ಬೇರೆ. ನಮಗೆ ಮೀನು ಬರುವುದು ಕರಾವಳಿಯಿಂದ ಘಾಟಿ ಹತ್ತಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಜೊತೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದರೆ ದಾರಿಯೂ ಬಂದ್. ಆಗ ಉಪಯೋಗಕ್ಕೆ ಬರಲಿ ಎಂದು ಮೇ ಕೊನೆಯಲ್ಲೇ ಬಂಗುಡೆ ಇಟ್ಟುಕೊಳ್ಳುವವರಿದ್ದಾರೆ. ನನ್ನ ಫ್ರೀಜರಿನ ತಣ್ಣಗೆ ಅಷ್ಟು ದಿನಕ್ಕೆ ಸಾಲದು. ಒಂದೆರಡು ವಾರಕ್ಕೆ ಮಾತ್ರ ಇಡುತ್ತೇನೆ. ಸೀಲ್ ಮಾಡಿದ ಮೀನಿನ ಕವರನ್ನು ಕತ್ತರಿಸಿ ತೆರೆದು, ಆಮೇಲೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ಕರಗಿಸಬೇಕು. ಮುಚ್ಚಿದ ಕವರಿನಲ್ಲೇ ಕರಗಿಸಿದರೆ ಮೊದಲು ಹೇಳಿದ ಬ್ಯಾಕ್ಟೀರಿಯಾದ ಅಪಾಯವೇ.

ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ರಾತ್ರಿಯಿಡೀ ಬರಲಿಲ್ಲ, ಮರುದಿನವೂ ಇಲ್ಲ. ಇನ್ವರ್ಟರ್ ಲೈಟಿಗಷ್ಟೇ. ಫ್ರೀಜರಿನಲ್ಲಿ ಕೋಳಿ ಇತ್ತು. ಬಾಗಿಲು ತೆಗೆದು ನೋಡಬೇಕು ಅನ್ನಿಸುತ್ತದೆ, ತೆಗೆದರೆ ತಣ್ಣಗೆ ಹೋಗುತ್ತದೆ. ಸಹೋದ್ಯೋಗಿ ಹೇಳಿಕೊಟ್ಟ ಒಂದು ಉಪಾಯ ಅಂದಿನಿಂದ ಬಿಟ್ಟಿಲ್ಲ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿ ನಾಣ್ಯ ಇಡಬೇಕು. ಕರೆಂಟ್ ಬಂದ ಮೇಲೆ ನಾಣ್ಯ ಕೆಳಗೆ ಮುಳುಗಿದ್ದರೆ ನಡುವೆ ಎಲ್ಲ ಕರಗಿತ್ತು ಎಂದರ್ಥ. ಅಂಥ ಮಾಂಸ ಬೇಡ. ಒಳಗೆ ಇನ್ನೂ ಐಸ್ ಹರಳು ಇದ್ದರೆ ಅಡ್ಡಿಯಿಲ್ಲ. ಅಂದು ನಾನು ಕೋಳಿಯನ್ನು ಎಸೆದೆ. ಸೀಲ್ ಗಟ್ಟಿಯಾಗೇ ಇತ್ತು, ನೋಡಲು ಚೆನ್ನಾಗೇ ಇತ್ತು. ಆದರೂ ಎಸೆದೆ. ತುಂಬಾ ಸಂಕಟವಾಯಿತು. ಅಂದಿನಿಂದ ಮಳೆಗಾಲದಲ್ಲಿ ವಾರಕ್ಕೆ ಬೇಕಾದಷ್ಟೇ ಮಾಂಸ ಇಡುತ್ತೇನೆ, ಅಮ್ಮನಿಗೂ ಹಾಗೇ ಹೇಳಿದ್ದೇನೆ.

ಖರ್ಚಿನ ಲೆಕ್ಕ ಹೇಳುತ್ತೇನೆ. 28 ಸೆಂಟಿಮೀಟರ್ ಅಗಲದ 5 ಮೀಟರ್ ರೋಲಿಗೆ ನಾನು ಕೊಟ್ಟದ್ದು 520 ರೂಪಾಯಿ. ಇಪ್ಪತ್ತು ಸೆಂಟಿಮೀಟರಿನಂತೆ ಕತ್ತರಿಸಿದರೆ 25 ಕವರ್, ಒಂದಕ್ಕೆ ಸುಮಾರು 21 ರೂಪಾಯಿ. 17 ಸೆಂಟಿಮೀಟರ್ ಅಗಲದ್ದಕ್ಕೆ 350 ರೂಪಾಯಿ, ಒಂದು ಕವರಿಗೆ 14. ಒಬ್ಬರಿಗೆ ಸಣ್ಣ ಅಗಲದ್ದೇ ಸಾಕು. ಅರ್ಧ ಹೋಳು ಕಾಯಿತುರಿಗೆ 14 ರೂಪಾಯಿಯ ಕವರ್ ಹಾಕುವುದರಲ್ಲಿ ಅರ್ಥವಿಲ್ಲ. ಕಾಯಿತುರಿಯನ್ನು ಜಿಪ್ ಕವರಿನಲ್ಲಿ ತೆಳ್ಳಗೆ ಹರಡಿ, ಜಿಪ್ ಸ್ವಲ್ಪ ಬಿಟ್ಟು, ಕವರನ್ನು ಬಾಯಿವರೆಗೆ ನೀರಿನಲ್ಲಿ ನಿಧಾನ ಇಳಿಸಿದರೆ ನೀರೇ ಗಾಳಿಯನ್ನು ಹೊರಗೆ ತಳ್ಳುತ್ತದೆ. ಆಗ ಜಿಪ್ ಎಳೆದು ಫ್ರೀಜರಿನಲ್ಲಿಟ್ಟರೆ ಎರಡು ವಾರ ಆರಾಮಾಗಿ ಬರುತ್ತದೆ. ಬೇಕಾದಾಗ ಒಂದು ಚೂರು ಮುರಿದುಕೊಳ್ಳಬಹುದು. ಮಷಿನ್ ಕೊಳ್ಳುವ ಮೊದಲು ಇದನ್ನು ಕೆಲವು ದಿನ ಮಾಡಿ ನೋಡಿ. ಎಷ್ಟೋ ಜನರಿಗೆ ಇಷ್ಟೇ ಸಾಕಾಗುತ್ತದೆ.

ಕವರನ್ನು ಸ್ವಲ್ಪ ಉದ್ದಕ್ಕೆ ಕತ್ತರಿಸಿದರೆ ತೊಳೆದು ಒಣಗಿಸಿ ಮತ್ತೆ ಬಳಸಬಹುದು. ಪ್ರತಿ ಸಲ ಎರಡು ಮೂರು ಸೆಂಟಿಮೀಟರ್ ಹೋಗುತ್ತದೆ. ಹಸಿ ಮಾಂಸ, ಮೀನು ಹಾಕಿದ ಕವರ್ ಮಾತ್ರ ಮತ್ತೆ ಬಳಸಬೇಡಿ.

ಡಿಸೆಂಬರ್‌ನಲ್ಲಿ ಹಾಸನದಿಂದ ಅಕ್ಕ ಅವರೆಕಾಯಿ ತಂದಳು. ಚಳಿಗಾಲದಲ್ಲಿ ಎರಡು ಮೂರು ತಿಂಗಳು ಸಿಗುವ ಆ ಸೊಗಡಿನ ಕಾಯಿಗೆ ನಮ್ಮ ಮನೆಯಲ್ಲಿ ಎಲ್ಲರೂ ಕಾಯುತ್ತಾರೆ. ಇಬ್ಬರೂ ಕೂತು ಸುಲಿದು, ನೆನೆಸಿ, ಹಿದುಕಿದೆವು. "ಇಷ್ಟು ಕಷ್ಟಪಟ್ಟು ಹಿದುಕಿ ಒಬ್ಬಳೇ ಎಷ್ಟು ತಿಂತೀಯೆ?" ಅಂದಳು ಅಕ್ಕ. ಬೇಳೆಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ, ತಣ್ಣೀರಿಗೆ ಬಿಟ್ಟು, ಬಟ್ಟೆಯ ಮೇಲೆ ಒಣಗಿಸಿ, ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿದೆವು. ಆಮೇಲೆ ಒಂದು ಹಿಡಿಯಷ್ಟು ಒಂದೊಂದು ಪೊಟ್ಟಣ. ಗಟ್ಟಿಯಾಗದೆ ಎಳೆದರೆ ಬೇಳೆ ಚಪ್ಪಟೆಯಾಗುತ್ತದೆ. ಕುದಿಸುವುದನ್ನೂ ಬಿಡಬೇಡಿ, ಬಿಟ್ಟರೆ ಫ್ರೀಜರಿನಲ್ಲೂ ನಿಧಾನವಾಗಿ ರುಚಿ, ಬಣ್ಣ ಕೆಡುತ್ತವೆ. ಹೂಕೋಸು, ಎಲೆಕೋಸನ್ನೂ ಹಾಗೇ ಕುದಿಸದೆ ಸೀಲ್ ಮಾಡಿದರೆ ಅದು ಬಿಡುವ ಅನಿಲಕ್ಕೆ ಕವರ್ ಉಬ್ಬುತ್ತದೆ.

ಸಂಕ್ರಾಂತಿ ಹೊತ್ತಿಗೆ ಒಂದು ಪೊಟ್ಟಣ ತೆಗೆದು ಸಾರು ಮಾಡಿ, ಅಕ್ಕಿರೊಟ್ಟಿ ತಟ್ಟಿದೆ. ಒಂದು ಹೊತ್ತಿಗೆ ಸರಿಯಾಗಿ ಆಯಿತು, ಉಳಿಯಲಿಲ್ಲ. ಮಷಿನ್ ಇಟ್ಟುಕೊಳ್ಳುತ್ತೇನೆ ಎಂದು ಗಟ್ಟಿ ತೀರ್ಮಾನಿಸಿದ್ದು ಅಂದು.

ಆದರೆ ಎಲ್ಲರಿಗೂ ತೆಗೆದುಕೊಳ್ಳಿ ಎಂದು ಹೇಳಲಾರೆ. ಊರಿಂದ ಚೀಲ ಬರುವವರು, ಕಾಲಕ್ಕೊಮ್ಮೆ ಸಿಗುವುದನ್ನು ಒಟ್ಟಿಗೆ ಇಡುವವರು, ಮಲೆನಾಡಿನ ತಂಡಿಯಲ್ಲಿ ಒಣ ಪದಾರ್ಥ ಕಾಪಾಡಿಕೊಳ್ಳಬೇಕಾದವರು, ವಾರದ ಮಾಂಸವನ್ನು ಪಾಲು ಮಾಡಿ ಇಡುವವರು ತೆಗೆದುಕೊಂಡರೆ ದುಡ್ಡು ದಂಡವಾಗುವುದಿಲ್ಲ. ದಿನಾ ಸಂಜೆ ಮಾರ್ಕೆಟ್ಟಿನಿಂದ ಅಂದಂದಿನದ್ದು ತರುವವರಿಗೆ, ಸೊಪ್ಪು ತರಕಾರಿಯೇ ಮುಖ್ಯವಾದವರಿಗೆ, ಐಸ್ ಗೂಡು ಸದಾ ಮಂಜಿನಿಂದ ತುಂಬಿರುವವರಿಗೆ ಇದು ಬೇಡ. ಬ್ಯಾಂಕಿನಲ್ಲಿ ನನ್ನ ಪಕ್ಕ ಕೂರುವವರು ಕೇಳಿದಾಗ ಬೇಡ ಎಂದೇ ಹೇಳಿದೆ. ಅವರ ಮನೆ ಮಾರ್ಕೆಟ್ ರಸ್ತೆಯ ಹಿಂದೆಯೇ ಇದೆ, ಊಟಕ್ಕೆ ಸೊಪ್ಪಿನ ಸಾರು ಇದ್ದರೆ ಸಾಕು ಅವರಿಗೆ. 3,200 ರೂಪಾಯಿಗೆ ಅವರು ಒಳ್ಳೆಯ ಸ್ಟೀಲ್ ಡಬ್ಬಿ ತಗೊಂಡರು.

ಇಟ್ಟುಕೊಳ್ಳುವವರಿಗೆ ಇನ್ನೆರಡು ಮಾತು. ಸುತ್ತಲಿನ ಸ್ಪಂಜಿನ ಗ್ಯಾಸ್ಕೆಟ್ ಮೇಲೆ ಒಂದು ಅಕ್ಕಿ ಕಾಳು ಕೂತರೂ ಗಾಳಿ ಎಳೆಯುವುದಿಲ್ಲ. ಪ್ರತಿ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಒಂದು ಸೀಲ್ ಆದ ಮೇಲೆ ಪಟ್ಟಿ ಆರಲು ಅರ್ಧ ನಿಮಿಷ ಕೊಡಿ. ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಲಾಕ್ ಮಾಡದೆ ಸಡಿಲ ಬಿಡಿ, ಇಲ್ಲದಿದ್ದರೆ ಸ್ಪಂಜು ಒತ್ತಿ ಚಪ್ಪಟೆಯಾಗಿ ಎಳೆತ ಕಡಿಮೆಯಾಗುತ್ತದೆ. ಬಿಡಿ ಗ್ಯಾಸ್ಕೆಟ್ ನಮ್ಮ ಊರಿನ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಮಷಿನ್ ತರಿಸುವಾಗಲೇ ಒಂದು ಜೊತೆ ಸೇರಿಸಿ ತರಿಸಿಕೊಳ್ಳಿ.